ಮೂರು ಬ್ಯಾಂಕ್, ಒಂದೇ ಪಟ್ಟಿ: ವಿಜಯಾ ಬ್ಯಾಂಕ್ ವಿಲೀನದ ಉದಾಹರಣೆಯಲ್ಲಿ ಜಾವಾ ಪಾಠ

ಮುಂಬೈ: ಕರಾವಳಿಯ ಹೆಮ್ಮೆಯಾಗಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ದೇನಾ ಬ್ಯಾಂಕ್ ಜೊತೆಗೆ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟಿ ಅವರು ಮಂಗಳೂರಿನಲ್ಲಿ ಆರಂಭಿಸಿದ ಬ್ಯಾಂಕ್‌ನ ಗ್ರಾಹಕರು, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಕಾರ್ಪೊರೇಟ್ ಕಚೇರಿ ಹೊಂದಿರುವ ಬ್ಯಾಂಕ್‌ನ ಗ್ರಾಹಕರಾದರು.

ಶಾಖೆಯ ಬೋರ್ಡ್ ಬದಲಿಸುವುದು ಸುಲಭ. ಆದರೆ ಮೂರು ಬ್ಯಾಂಕ್‌ಗಳ ಪಟ್ಟಿಗಳನ್ನು ಒಂದಾಗಿಸುವುದು ಹೇಗೆ? ಮೂರೂ ಬ್ಯಾಂಕ್‌ಗಳು ಇನ್ಫೋಸಿಸ್‌ನ ಫಿನಾಕಲ್ ತಂತ್ರಾಂಶವನ್ನೇ ಬಳಸುತ್ತಿದ್ದರೂ, ವಿಜಯಾದ 2,128 ಮತ್ತು ದೇನಾದ 1,770 ಶಾಖೆಗಳ ಜೋಡಣೆ ಮುಗಿದಿದ್ದು 2020ರ ಡಿಸೆಂಬರ್‌ನಲ್ಲಿ. ಬ್ಯಾಂಕ್‌ಗಳ ಡೇಟಾ ವರ್ಗಾವಣೆ ಬಹಳ ದೊಡ್ಡ ಕೆಲಸ. ಆದರೆ ಅದರ ಮೂಲ ಪ್ರಶ್ನೆಯನ್ನು ಜಾವಾ ಕಲಿಯುವ ಪ್ರತಿ ವಿದ್ಯಾರ್ಥಿಯೂ ಮೊದಲ ವಾರಗಳಲ್ಲೇ ಎದುರಿಸುತ್ತಾನೆ. ಅದೇನು? ಇಲ್ಲಿದೆ ವಿವರ.

ಸೇರಿಸುವುದು ಒಂದೇ ಸಾಲಿನ ಕೆಲಸ

ಜಾವಾದಲ್ಲಿ ಪಟ್ಟಿಗೆ ‘ಲಿಸ್ಟ್’ ಎನ್ನುತ್ತಾರೆ. ಒಂದು ಲಿಸ್ಟ್‌ನ ಕೊನೆಗೆ ಇನ್ನೊಂದನ್ನು ಸೇರಿಸಲು ‘ಆಡ್‌ಆಲ್’ ಎಂಬ ಮೆಥಡ್ ಇದೆ. ಬರೋಡಾ ಪಟ್ಟಿಯ ಮೇಲೆ ಇದನ್ನು ಕರೆದು ವಿಜಯಾ ಪಟ್ಟಿಯನ್ನು ಕೊಟ್ಟರೆ ಕೆಲಸ ಮುಗಿಯಿತು. ಪೈಥಾನ್‌ನಲ್ಲಿ ಇದೇ ಕೆಲಸಕ್ಕೆ ‘ಎಕ್ಸ್‌ಟೆಂಡ್’ ಇದೆ. ಅಲ್ಲಿ ಮರೆತು ‘ಅಪೆಂಡ್’ ಎಂದು ಬರೆದರೆ, ಹೆಸರುಗಳು ಒಂದೊಂದಾಗಿ ಸೇರುವ ಬದಲು ಇಡೀ ಪಟ್ಟಿಯೇ ಒಂದು ಅಂಶವಾಗಿ ಒಳಗೆ ಕೂರುತ್ತದೆ.

ನೆನಪಿಡಿ, ಆಡ್‌ಆಲ್ ಮೂಲ ಪಟ್ಟಿಯನ್ನೇ ಬದಲಿಸುತ್ತದೆ. ಹಳೆಯ ಪಟ್ಟಿ ಹಾಗೇ ಉಳಿಯಬೇಕಿದ್ದರೆ ಮೊದಲು ಹೊಸ ಖಾಲಿ ಪಟ್ಟಿ ಮಾಡಿ, ಎರಡನ್ನೂ ಅದಕ್ಕೆ ಸುರಿಯಬೇಕು.

ಒಬ್ಬರೇ ಗ್ರಾಹಕರು ಎರಡು ಸಲ!

ಮುಂಬೈಯಲ್ಲಿ ಹೋಟೆಲ್ ನಡೆಸುವ ಉಡುಪಿಯ ಸುರೇಶ್ ಶೆಟ್ಟಿ ಎಂಬುವರಿಗೆ ವಿಜಯಾ ಮತ್ತು ಬರೋಡಾ ಎರಡರಲ್ಲೂ ಖಾತೆ ಇತ್ತು ಎಂದಿಟ್ಟುಕೊಳ್ಳಿ. ಲಿಸ್ಟ್ ಅವರನ್ನು ಎರಡು ಸಲ ಇಟ್ಟುಕೊಳ್ಳುತ್ತದೆ, ಏಕೆಂದರೆ ಅದು ನಕಲನ್ನು ತಡೆಯುವುದಿಲ್ಲ. ನಕಲು ಬೇಡವೆಂದರೆ ‘ಸೆಟ್’ ಬಳಸಬೇಕು.

ಆದರೆ ಸೆಟ್ ಕೂಡ ತಾನಾಗಿ ಗುರುತಿಸುವುದಿಲ್ಲ. ‘ಗ್ರಾಹಕ’ ಎಂಬ ಕ್ಲಾಸ್ ಬರೆದು ಸುಮ್ಮನೆ ಬಿಟ್ಟರೆ, ಹೆಸರು, ಪ್ಯಾನ್ ಎಲ್ಲವೂ ಒಂದೇ ಇದ್ದರೂ ಎರಡು ಆಬ್ಜೆಕ್ಟ್‌ಗಳನ್ನು ಜಾವಾ ಬೇರೆ ಬೇರೆ ಎಂದೇ ನೋಡುತ್ತದೆ. ಯಾವುದು ಸಮ ಎಂಬುದನ್ನು ‘ಈಕ್ವಲ್ಸ್’ ಮತ್ತು ‘ಹ್ಯಾಶ್‌ಕೋಡ್’ ಎಂಬ ಎರಡು ಮೆಥಡ್‌ಗಳಲ್ಲಿ ಪ್ರೋಗ್ರಾಮರ್ ಬರೆದುಕೊಡಬೇಕು. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ನಕಲು ಮತ್ತೆ ನುಸುಳುತ್ತದೆ.

ಸಮ ಎನ್ನುವುದಕ್ಕೆ ಆಧಾರ ಯಾವುದು? ಹೆಸರು ಎಂದರೆ ಅಪಾಯ. ಮುಂಬೈಯಲ್ಲಿ ಒಂದೇ ಹೆಸರಿನ ಶೆಟ್ಟರು ಅದೆಷ್ಟೋ ಮಂದಿ! ಖಾತೆ ಸಂಖ್ಯೆಯೊಂದೇ ಸಾಲದು, ಎರಡು ಬ್ಯಾಂಕ್‌ಗಳಲ್ಲಿ ಒಂದೇ ಸಂಖ್ಯೆ ಇರಬಹುದು. ವ್ಯಕ್ತಿಯನ್ನು ಗುರುತಿಸಲು ಪ್ಯಾನ್‌ನಂಥ, ಒಬ್ಬರಿಗೆ ಒಂದೇ ಇರುವ ಸಂಖ್ಯೆ ಬೇಕು.

ಗ್ರಾಹಕರು ಒಬ್ಬರು, ಖಾತೆ ಎರಡು

ಅತಿ ದೊಡ್ಡ ಎಡವಟ್ಟು ಆಗುವುದು ಇಲ್ಲೇ. ಈಗಾಗಲೇ ಇರುವ ಅಂಶಕ್ಕೆ ಸಮನಾದುದು ಬಂದರೆ ಸೆಟ್ ಯಾವ ಎಚ್ಚರಿಕೆಯನ್ನೂ ಕೊಡದೆ ಎರಡನೆಯದನ್ನು ಬಿಟ್ಟುಬಿಡುತ್ತದೆ. ಶೆಟ್ಟರ ವಿಜಯಾ ದಾಖಲೆ ನಕಲು ಎಂದು ಹೊರಗುಳಿದರೆ, ಅದರೊಳಗಿದ್ದ ಖಾತೆ ಮತ್ತು ಹಣದ ಲೆಕ್ಕವೂ ಪಟ್ಟಿಯಿಂದ ಮಾಯ!

ಇದಕ್ಕೆ ಪರಿಹಾರ ‘ಮ್ಯಾಪ್’. ಪ್ಯಾನ್ ಅನ್ನು ಕೀಲಿಯಾಗಿಟ್ಟು, ಅದರ ಎದುರು ಆ ವ್ಯಕ್ತಿಯ ಎಲ್ಲ ಖಾತೆಗಳ ಪಟ್ಟಿಯನ್ನು ಇಡಬೇಕು. ಆಗ ವ್ಯಕ್ತಿ ಒಬ್ಬರೇ, ಖಾತೆಗಳು ಎರಡೂ ಸುರಕ್ಷಿತ.

ಇದರಿಂದ ವೇಗವೂ ಹೆಚ್ಚುತ್ತದೆ. ತಲಾ 1 ಲಕ್ಷ ಹೆಸರಿನ ಎರಡು ಲಿಸ್ಟ್‌ಗಳಲ್ಲಿ ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸಿದರೆ 1,000 ಕೋಟಿ ಹೋಲಿಕೆಗಳಾಗುತ್ತವೆ. ಹ್ಯಾಶ್‌ಮ್ಯಾಪ್‌ನಲ್ಲಿ ಸುಮಾರು 2 ಲಕ್ಷ ಹುಡುಕಾಟಗಳಲ್ಲಿ ಕೆಲಸ ಮುಗಿಯುತ್ತದೆ.

ವಿಲೀನದ ಬಿಸಿ ಗ್ರಾಹಕರಿಗೆ ತಟ್ಟಿದ್ದು ಐಎಫ್‌ಎಸ್‌ಸಿ ಕೋಡ್ ರೂಪದಲ್ಲಿ. ವಿಜಯಾ ಮತ್ತು ದೇನಾದ ಹಳೆಯ ಕೋಡ್‌ಗಳು 2021ರ ಮಾರ್ಚ್ 1ರಿಂದ ರದ್ದಾದವು. ಪಟ್ಟಿ ಸೇರಿಸುವುದು ಒಂದು ಸಾಲಿನ ಕೋಡ್ ಇರಬಹುದು. ಆದರೆ ಯಾರು ಯಾರೆಂದು ಮೊದಲೇ ತೀರ್ಮಾನಿಸದೆ ಆ ಸಾಲು ಬರೆಯಬಾರದು.