ಬಿದ್ದೂ ಬೀಳದ ಮರ

ಬೆಂಗಳೂರಿನ ದೊಡ್ಡನೆಕ್ಕುಂದಿಯಂಥ ಕಡೆ ಮರಕ್ಕೆ ನೆಟ್ಟಗೆ ನೆಲಕ್ಕುರುಳಲೂ ಜಾಗವಿಲ್ಲ. ಏಪ್ರಿಲ್–ಮೇ ತಿಂಗಳ ಬಿರುಗಾಳಿಗೆ ಬುಡ ಕಿತ್ತ ಗುಲ್‌ಮೊಹರ್ ಪಕ್ಕದ ಮಳೆಮರದ ಕವಲಿಗೆ ಒರಗಿ ಅರ್ಧದಲ್ಲೇ ನಿಂತುಬಿಡುತ್ತದೆ. ಅದರ ಕೆಳಗೆ ಬೈಕು ನುಸುಳಿಸುವವರ ಕಣ್ಣಿಗೆ ಅದು ಬಿದ್ದಾಗಿದೆ. ತೆಗೆಯಲು ಬಂದ ತಂಡದವರು ಮಾತ್ರ ಅದು ಇನ್ನೂ ಬೀಳುತ್ತಲೇ ಇದೆ ಎಂದು ತಿಳಿದೇ ಕೆಲಸ ಶುರು ಮಾಡಬೇಕು.

40 ಸೆಂಟಿಮೀಟರ್ ದಪ್ಪದ, 10 ಮೀಟರ್ ಉದ್ದದ ಕಾಂಡವೆಂದರೆ ಸುಮಾರು ಒಂದೂಕಾಲು ಘನ ಮೀಟರ್ ಹಸಿ ಮರ. ನೀರು ತುಂಬಿದ ಅದರ ತೂಕ ಹೆಚ್ಚುಕಡಿಮೆ ಒಂದು ಟನ್. ಐದು ಮೀಟರ್ ಎತ್ತರದಿಂದ ಜಾರಿದರೆ ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ 36 ಕಿಲೋಮೀಟರ್ ವೇಗ. ಹೆಲ್ಮೆಟ್ ಬೇಕೇಬೇಕು, ಆದರೆ ಈ ಪೆಟ್ಟನ್ನು ಅದು ತಡೆಯದು. ಕೆಳಗೆ ಯಾರೂ ಇರದಂತೆ ನೋಡಿಕೊಳ್ಳುವುದೇ ರಕ್ಷಣೆ.

ತೂಕವನ್ನಾದರೂ ಅಂದಾಜಿಸಬಹುದು, ಬಾಗಿದ ಕಾಂಡದೊಳಗೆ ಅಡಗಿದ ಬಲವನ್ನು ಊಹಿಸುವುದು ಕಷ್ಟ. ಎರಡು ತುದಿಗಳಲ್ಲಿ ಆಸರೆ ಪಡೆದು ನಡುವೆ ಜಗ್ಗಿದ ಕಾಂಡದ ಮೇಲ್ಮೈ ಒತ್ತಡದಲ್ಲಿರುತ್ತದೆ, ಕೆಳಮೈ ಎಳೆತದಲ್ಲಿ. ಮೇಲಿನಿಂದಲೇ ಕೊಯ್ಯುತ್ತ ಹೋದರೆ ಗರಗಸ ಸಿಕ್ಕಿಕೊಳ್ಳುತ್ತದೆ. ಕೆಳಗಿನಿಂದ ಒಮ್ಮೆಲೇ ಕೊಯ್ದರೆ ಕಾಂಡ ಉದ್ದಕ್ಕೆ ಸೀಳಿ ಚಿಮ್ಮಬಹುದು. ಬಲ್ಲವರು ಒತ್ತಡದ ಬದಿಗೆ ಮೊದಲು ಸ್ವಲ್ಪವೇ ಕಚ್ಚು ಹಾಕಿ, ಉಳಿದದ್ದನ್ನು ಎಳೆತದ ಬದಿಯಿಂದ ನಿಧಾನವಾಗಿ, ಪಕ್ಕಕ್ಕೆ ಸರಿದು ನಿಂತು ಕೊಯ್ಯುತ್ತಾರೆ. ಮಣ್ಣು ಸಮೇತ ಎದ್ದ ಬೇರಿನ ಗಡ್ಡೆಯನ್ನೂ ನಂಬುವಂತಿಲ್ಲ. ಕಾಂಡದ ಭಾರ ಕಳಚಿದೊಡನೆ ಅದು ಮತ್ತೆ ಗುಂಡಿಗೆ ಮಗುಚಿ, ಮೋಟು ನೆಟ್ಟಗೆ ನಿಲ್ಲುವುದುಂಟು. ಆ ಗುಂಡಿಯೊಳಗೆ ಇಣುಕುವ ಮಕ್ಕಳನ್ನು ಮೊದಲು ದೂರ ಕಳಿಸಬೇಕು.

ಕೆಳಗಿಳಿಸುವ ಒಳ್ಳೆಯ ದಾರಿ ಬುಡವನ್ನು ಹಿಂದಕ್ಕೆ ಎಳೆಯುವುದು. ಬುಡಕ್ಕೆ ಬಿಗಿದ ಹಗ್ಗವನ್ನು ಗಟ್ಟಿಮರವೊಂದರ ಬುಡಕ್ಕೆ ಕಟ್ಟಿದ ರಾಟೆಯ ಮೂಲಕ ಕೈವಿಂಚಿಗೆ ತರುತ್ತಾರೆ. ವಿಂಚ್ ತಿರುಗಿಸುವವರು ಮರ ಸರಿಯುವ ದಾರಿಯಿಂದ ದೂರ, ಹಗ್ಗ ಮಡಚಿದ ಕೋನದ ಹೊರಗೆ ಇರಬೇಕು. ರಾಟೆಯ ಕಟ್ಟು ಕಿತ್ತರೆ ಹಗ್ಗ ಒಳಗಡೆಗೇ ಬೀಸುತ್ತದೆ. ಗೇಣುಗೇಣಾಗಿ ಎಳೆದಂತೆ ತುದಿ ಕವಲಿನಿಂದ ಕಳಚಿಕೊಳ್ಳುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ, ಹೊರವರ್ತುಲ ರಸ್ತೆಯ ಕಡೆಗೆ ಹೊರಟ ವಾಹನಗಳು ಹಾರ್ನ್ ಹೊಡೆಯುತ್ತಲೇ ಇರುತ್ತವೆ. ಆಸರೆ ಕೊಟ್ಟ ಮರವನ್ನೇ ಕಡಿದುಬಿಡೋಣ ಎಂಬ ಮಾತು ಬರುವುದು ಇಂಥ ಆತುರದಲ್ಲೇ. ಹಾಗೆ ಕಡಿದರೆ ಎರಡೂ ಮರಗಳು ಒಟ್ಟಿಗೆ, ಯಾವ ಕಡೆಗೆಂದು ಗೊತ್ತಿಲ್ಲದೆ ಬರುತ್ತವೆ. ಒರಗಿದ ಕಾಂಡದ ಮೇಲೆ ಹತ್ತುವುದೂ ಅಷ್ಟೇ ಘಾತಕ. ಕಾರ್ಮಿಕನ ಜೀವಕ್ಕಿಂತ ಟ್ರಾಫಿಕ್ ದೊಡ್ಡದಲ್ಲ; ರಸ್ತೆಯನ್ನು ಪೂರ್ತಿ ಮುಚ್ಚಲೇಬೇಕು.

ಎಳೆಯಲು ಜಾಗವಿಲ್ಲದ ಗಲ್ಲಿಯಲ್ಲಿ ಕ್ರೇನ್ ಬೇಕು. ಕೊಯ್ಯುವ ತುಂಡಿನ ಭಾರವನ್ನು ಕ್ರೇನ್ ಮೊದಲೇ ಹಿಡಿದಿರಬೇಕು, ಆಮೇಲೆ ಗರಗಸ. ಅದಕ್ಕೂ ಮುಂಚೆ 1912ಕ್ಕೆ ಕರೆಮಾಡಿ, ವಿದ್ಯುತ್ ಕಂಪನಿ ಬೆಸ್ಕಾಂನವರು ತಂತಿಗಳ ವಿದ್ಯುತ್ ಕಡಿದದ್ದನ್ನು ಖಚಿತಪಡಿಸಿಕೊಳ್ಳಬೇಕು. ನಮ್ಮಲ್ಲಿ ಮರದಿಂದ ಮರಕ್ಕೆ ತೂಗುವ ಇಂಟರ್‌ನೆಟ್ ಕೇಬಲ್‌ಗಳದ್ದು ಬೇರೆಯೇ ತೊಡಕು: ಬೀಳುವ ಕೊಂಬೆಯನ್ನು ಎಣಿಸದ ದಿಕ್ಕಿಗೆ ಜಗ್ಗುತ್ತವೆ.

ಗುಲ್‌ಮೊಹರ್ ನೆಲಕ್ಕಿಳಿದ ಮೇಲೆ ಮಳೆಮರದ ಸರದಿ. ಅದರ ಕವಲಿನಲ್ಲಿ ಬಿರುಕಿದೆಯೇ, ಮುರಿದ ಕೊಂಬೆ ಮೇಲೆಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ಹಗಲಿನಲ್ಲಿ ನೋಡಬೇಕು. ಸೀಳಿದ ರೆಂಬೆಯನ್ನು ಬುಡದ ಉಬ್ಬಿಗೆ ಗಾಯವಾಗದಂತೆ ಸಾಫಾಗಿ ಕತ್ತರಿಸಿದರೆ ಮರ ಬದುಕುತ್ತದೆ. ಪೂರ್ತಿ ತೆಗೆಯಬೇಕೇ ಎಂಬುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿ ನಿರ್ಧರಿಸುವ ವಿಷಯ.