ಫ್ಯೂಸು ಏಕೆ ಹೋಯಿತು? ಹಳೆಯ ಮನೆಯಲ್ಲಿ ಭಾರಿ ದೀಪದ ಲೆಕ್ಕ

ಫ್ಯೂಸು ಎಂದರೆ ಬೇಕೆಂದೇ ದುರ್ಬಲವಾಗಿ ಇರಿಸಿದ ಒಂದು ತುಂಡು ತಂತಿ. ವೈರಿಂಗಿನಲ್ಲಿ ಮಿತಿಮೀರಿ ವಿದ್ಯುತ್ ಹರಿದರೆ, ಗೋಡೆ ಮತ್ತು ಅಟ್ಟದೊಳಗಿನ ವೈರು ಸುಡುವ ಮೊದಲೇ ಈ ತಂತಿ ಕಣ್ಣಿಗೆ ಕಾಣುವ ಜಾಗದಲ್ಲಿ ಕರಗಿ ಹರಿವನ್ನು ಕಡಿದುಹಾಕಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳೆಯ ಹೆಂಚಿನ ಮನೆ, ತೊಟ್ಟಿಮನೆಗಳಲ್ಲಿ ಮರದ ಹಲಗೆಗೆ ಬಿಗಿದ ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳು ಇನ್ನೂ ಉಳಿದಿವೆ. ದಿನನಿತ್ಯ ತಂಟೆ ಮಾಡದ ಈ ಫ್ಯೂಸು ಮದುವೆ, ನಾಮಕರಣ, ಊರಹಬ್ಬದಂದು ಅಂಗಳಕ್ಕೆ ಹ್ಯಾಲೊಜೆನ್ ದೀಪ ಹಾಕಿದಾಗ ಮಾತ್ರ ಮೇಲಿಂದ ಮೇಲೆ ಹೋಗುತ್ತದೆ. ಹೋದ ಫ್ಯೂಸನ್ನು ಕಟ್ಟುವುದು ಎರಡು ನಿಮಿಷದ ಕೆಲಸ. ಏಕೆ ಹೋಯಿತು ಎಂದು ತಿಳಿಯಲು ಆ ಕರಗಿದ ತಂತಿಯನ್ನೇ ಮೊದಲು ನೋಡಬೇಕು.

ಸಮಸ್ಯೆಯ ಬೇರು ಮನೆಯ ವಯಸ್ಸಿನಲ್ಲಿದೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಯನ್ನೂ 1905ರಲ್ಲಿ ಬೆಂಗಳೂರಿನ ಬೀದಿಯನ್ನೂ ತಲುಪಿತು. ಹಳ್ಳಿಮನೆಗಳಿಗೆ ತಂತಿ ಎಳೆದದ್ದು ಹೆಚ್ಚಾಗಿ 1957ರಲ್ಲಿ ರಾಜ್ಯದ ವಿದ್ಯುತ್ ಮಂಡಳಿ (ಕೆಇಬಿ) ಹುಟ್ಟಿದ ಮೇಲೆ. ಆಗಿನ ಮನೆಗೆ ನಾಲ್ಕಾರು ಬಲ್ಬು, ಒಂದು ಫ್ಯಾನು, ಒಂದು ರೇಡಿಯೊ ಇದ್ದರೆ ಅದೇ ಹೆಚ್ಚು. ಹಾಗಾಗಿ ಮರದ ಪಟ್ಟಿಯ ಮೇಲೆ ಓಡಿಸಿದ, ರಬ್ಬರು ಹೊದಿಕೆಯ ಸಣ್ಣ ವೈರೇ ಸಾಕಾಗುತ್ತಿತ್ತು. ಹಳೆಯ ವೈರ್‌ಮನ್‌ಗಳು 1/18, 3/22 ಎಂದು ಕರೆಯುವ ವೈರುಗಳು ಇವೇ. ದೀಪದ ಒಂದು ಸರ್ಕ್ಯೂಟಿಗೆ ಹತ್ತಕ್ಕಿಂತ ಹೆಚ್ಚು ಪಾಯಿಂಟ್ ಇರಬಾರದು, ಒಟ್ಟು ಹೊರೆ 800 ವ್ಯಾಟ್ ಮೀರಬಾರದು ಎಂಬುದು ಭಾರತೀಯ ಮಾನಕಗಳಲ್ಲಿ ಬಹುಕಾಲದಿಂದ ಇರುವ ನಿಯಮ. ಅಂಗಳಕ್ಕೆ ಬಂದ ಒಂದೇ ಒಂದು ದೊಡ್ಡ ಹ್ಯಾಲೊಜೆನ್ ಈ ಮಿತಿಯನ್ನು ದಾಟಿಬಿಡುತ್ತದೆ.

ಲೆಕ್ಕ ಸುಲಭ

ಮನೆಗೆ ಬರುವ ವಿದ್ಯುತ್ 230 ವೋಲ್ಟಿನದು. ದೀಪದ ವ್ಯಾಟನ್ನು 230ರಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಸಿಗುತ್ತದೆ. 100 ವ್ಯಾಟಿನ ಬಲ್ಬು ಅರ್ಧ ಆಂಪಿಗೂ ಕಡಿಮೆ ಎಳೆಯುತ್ತದೆ. 500 ವ್ಯಾಟಿನ ಹ್ಯಾಲೊಜೆನ್‌ಗೆ 2.2 ಆಂಪ್, 1000 ವ್ಯಾಟಿನದಕ್ಕೆ 4.3 ಆಂಪ್ ಬೇಕು. ಮದುವೆಮನೆಯಲ್ಲಿ ವಿಡಿಯೊದವರು 1000 ವ್ಯಾಟಿನ ಎರಡು ಲೈಟು ಹಚ್ಚಿದರೆ 8.7 ಆಂಪ್ ಆಯಿತು. ಅದೇ ಸರ್ಕ್ಯೂಟಿನಲ್ಲಿ ಎರಡು ಫ್ಯಾನು, ಎರಡು ಟ್ಯೂಬ್‌ಲೈಟ್ ಇದ್ದರೆ ಇನ್ನೊಂದು ಆಂಪ್ ಸೇರಿ ಒಟ್ಟು ಹತ್ತರ ಹತ್ತಿರ ಬರುತ್ತದೆ.

ದೀಪದ ಸರ್ಕ್ಯೂಟಿನ ಐದು ಆಂಪಿನ ಫ್ಯೂಸು ಐದು ದಾಟಿದ ತಕ್ಷಣ ಹೋಗುವುದಿಲ್ಲ. ತಂತಿ ಕಟ್ಟುವ ಬಗೆಯ ಫ್ಯೂಸು ಕರಗಬೇಕಾದರೆ ಅದರ ಅಳತೆಯ ಸುಮಾರು ಎರಡರಷ್ಟು ವಿದ್ಯುತ್ ಹರಿಯಬೇಕು. ಅಂದರೆ ಹತ್ತು ಆಂಪಿನ ಹೊರೆ ಅದಕ್ಕೆ ಸರಿಯಾಗಿ ಅಂಚಿನಲ್ಲಿದೆ. ಲೈಟು ಹಚ್ಚಿದಾಗ ಏನೂ ಆಗುವುದಿಲ್ಲ. ತಂತಿ ನಿಧಾನವಾಗಿ ಕಾದು, ಧಾರೆಯ ಹೊತ್ತಿಗೋ ಊಟದ ಪಂಕ್ತಿ ಕೂತಾಗಲೋ ಮನೆ ಕತ್ತಲಾಗುತ್ತದೆ. ಅಷ್ಟು ಹೊತ್ತೂ ಗೋಡೆಯ ವೈರು ತನ್ನ ಮಿತಿಗಿಂತ ಹೆಚ್ಚು ವಿದ್ಯುತ್ತನ್ನು ಹೊತ್ತಿರುತ್ತದೆ. ಹರಿವು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ.

ಸ್ವಿಚ್ ಒತ್ತಿದ ಗಳಿಗೆಯಲ್ಲೇ ಫ್ಯೂಸು ಹೋಗುವುದಕ್ಕೆ ಕಾರಣ ಬೇರೆ. ಬಲ್ಬು ಮತ್ತು ಹ್ಯಾಲೊಜೆನ್ ಒಳಗಿನ ಟಂಗ್‌ಸ್ಟನ್ ಎಳೆ ತಣ್ಣಗಿದ್ದಾಗ ಅದರ ತಡೆ ಉರಿಯುವಾಗಿನದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಇರಬಹುದು. ಹಾಗಾಗಿ ಹೊತ್ತಿಕೊಳ್ಳುವ ಕ್ಷಣದಲ್ಲಿ ಹತ್ತಾರು ಪಟ್ಟು ವಿದ್ಯುತ್ ನುಗ್ಗಿ, ಕಣ್ಣುಮಿಟುಕಿಸುವಷ್ಟರಲ್ಲಿ ಇಳಿಯುತ್ತದೆ. ಒಂದೇ ಸ್ವಿಚ್ಚಿಗೆ ನಾಲ್ಕು ದೊಡ್ಡ ದೀಪ ಸೇರಿಸಿದ್ದರೆ ಈ ನೂಕು ಒಟ್ಟಾಗುತ್ತದೆ. ಮೊದಲೇ ಸವೆದ ಫ್ಯೂಸು ತಂತಿ ಇದನ್ನು ತಾಳದು. ಹಳೆಯ ಬಲ್ಬು ಸುಟ್ಟುಹೋಗುವಾಗಲೂ ಹೀಗೇ: ಎಳೆ ತುಂಡಾದಲ್ಲಿ ಕಿಡಿ ಹೊತ್ತಿ, ಬಲ್ಬಿನ ಒಳಗೇ ಅರೆಕ್ಷಣ ಶಾರ್ಟ್ ಆಗಿ ಫ್ಯೂಸನ್ನೂ ಕೊಂಡೊಯ್ಯುತ್ತದೆ. ಬಲ್ಬು ಬದಲಿಸಿ ಫ್ಯೂಸು ಕಟ್ಟಿದ ಮೇಲೆ ಎಲ್ಲ ಸರಿಯಿದ್ದರೆ ಇನ್ನು ಹುಡುಕುವುದು ಬೇಕಿಲ್ಲ.

ಕರಗಿದ ತಂತಿಯ ಸಾಕ್ಷ್ಯ

ಮೈನ್ ಸ್ವಿಚ್ ಇಳಿಸಿ ಫ್ಯೂಸನ್ನು ಹೊರಗೆಳೆದಾಗ ಮೂರು ಬಗೆಯ ಗುರುತು ಕಾಣಬಹುದು. ತಂತಿ ನಡುವೆ ಮಾತ್ರ ಕರಗಿ, ಎರಡು ತುದಿ ಸ್ಕ್ರೂವಿನಲ್ಲೇ ಉಳಿದಿದ್ದು, ಪಿಂಗಾಣಿ ಬೆಳ್ಳಗೇ ಇದ್ದರೆ ಅದು ಹೊರೆ ಹೆಚ್ಚಾದ ಗುರುತು. ತಂತಿಯೇ ಇಲ್ಲದಂತಾಗಿ, ಪಿಂಗಾಣಿಗೆ ಮಸಿ ಬಳಿದು, ತಾಮ್ರದ ಸಣ್ಣ ಹನಿಗಳು ಅಂಟಿದ್ದರೆ ಅದು ಶಾರ್ಟ್. ಫೇಸು ಮತ್ತು ನ್ಯೂಟ್ರಲ್ ಎಲ್ಲೋ ನೇರವಾಗಿ ಮುಟ್ಟಿವೆ. ತಂತಿ ಒಂದು ತುದಿಯಲ್ಲಿ, ಸ್ಕ್ರೂವಿನ ಪಕ್ಕದಲ್ಲೇ ಬೆಂದಿದ್ದು, ಹಿತ್ತಾಳೆ ಕಪ್ಪಗಾಗಿದ್ದರೆ ಸ್ಕ್ರೂ ಸಡಿಲವಾಗಿದೆ ಅಥವಾ ಕ್ಲಿಪ್ಪು ಹಿಡಿತ ಕಳೆದುಕೊಂಡಿದೆ. ಈ ಮೂರನೆಯದರಲ್ಲಿ ದೀಪದ ತಪ್ಪಿಲ್ಲ. ಸಡಿಲ ಸಂದಿಯ ಶಾಖಕ್ಕೆ ತಂತಿ ತನ್ನ ಅಳತೆಗಿಂತ ಮೊದಲೇ ಕರಗಿದೆ. ಅಂಥ ಪಿಂಗಾಣಿಯನ್ನೇ ಬದಲಿಸುವುದು ಒಳ್ಳೆಯದು.

ಹೋದ ಸಮಯವೂ ಒಂದು ಸುಳಿವು. ಮಳೆ ಬಂದ ರಾತ್ರಿಯೇ ಹೋದರೆ ಹೆಂಚಿನ ಸೋರಿಕೆಯಿಂದ ನೆನೆದ ಗೋಡೆ, ಸೀಲಿಂಗ್ ರೋಸ್‌ಗಳನ್ನು ಅನುಮಾನಿಸಬೇಕು. ಅಟ್ಟದಲ್ಲಿ ಇಲಿ, ಅಳಿಲು ಓಡಾಡುವ ಮನೆಯಲ್ಲಿ ಅವು ಕಡಿದು ತಾಮ್ರ ಬಯಲಾದ ವೈರು ಸಿಗುತ್ತದೆ. ದೊಡ್ಡ ಬಲ್ಬು ಉರಿದು ಅರ್ಧ ಗಂಟೆಯ ಮೇಲೆ ಫ್ಯೂಸು ಸಿಡಿದಂತೆ ಹೋದರೆ ಹೋಲ್ಡರ್ ಬಿಚ್ಚಿ ನೋಡಬೇಕು. 60 ವ್ಯಾಟಿನ ಬಲ್ಬಿಗೆಂದು ಮಾಡಿದ ಮುಚ್ಚಿದ ಗಾಜಿನ ಗೋಳದೊಳಗೆ 200 ವ್ಯಾಟಿನದನ್ನು ಸಿಕ್ಕಿಸಿದರೆ ಶಾಖ ಮೇಲೇರಿ ವೈರಿನ ರಬ್ಬರು ಒಣಗಿ, ಮುಟ್ಟಿದರೆ ಹುಡಿಯಾಗಿ ಉದುರುತ್ತದೆ.

ಈ ಸೀಮೆಯ ಕಸುಬುಗಳೂ ಲೆಕ್ಕಕ್ಕೆ ಸೇರುತ್ತವೆ. ಮನೆಯ ಒಂದು ಭಾಗದಲ್ಲೇ ರೇಷ್ಮೆ ಹುಳು ಸಾಕುವವರು ಎಳೆ ಹುಳುಗಳ ಚಾಕಿ ಹಂತದಲ್ಲಿ 26ರಿಂದ 28 ಡಿಗ್ರಿ ಶಾಖವನ್ನೂ ಶೇ 80ಕ್ಕೂ ಮೀರಿದ ತೇವಾಂಶವನ್ನೂ ಕಾಯ್ದುಕೊಳ್ಳಬೇಕಾಗುತ್ತದೆ. ಚಳಿಗಾಲದಲ್ಲಿ ಅದಕ್ಕಾಗಿ ಹೀಟರ್ ಅಥವಾ ದೊಡ್ಡ ಬಲ್ಬು ರಾತ್ರಿಯಿಡೀ ಉರಿಯುತ್ತದೆ. ತೇವ ಹೋಲ್ಡರಿನೊಳಗೆ ಕೂರುತ್ತದೆ; ಸೋಂಕು ನಿವಾರಣೆಗೆ ಬಳಸುವ ಬ್ಲೀಚಿಂಗ್ ಪೌಡರ್ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಚನ್ನಪಟ್ಟಣದಲ್ಲಿ ಮನೆಯಲ್ಲೇ ಬೊಂಬೆ ಕಡೆಯುವ ಲೇತ್ ಇದ್ದರೆ ಅದರ ಮೋಟಾರು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ದೀಪಗಳಿಂದ ಆಗಲೇ ಅಂಚಿಗೆ ಬಂದ ಫ್ಯೂಸಿಗೆ ಅಷ್ಟು ಸಾಕು. ಸಂಜೆ ವೋಲ್ಟೇಜ್ ಇಳಿದಾಗ ಬಲ್ಬು ಮಂಕಾಗಿ ಕಡಿಮೆ ವಿದ್ಯುತ್ ಎಳೆದರೆ, ಹೊರೆ ಹೊತ್ತ ಮೋಟಾರು ಹೆಚ್ಚು ಎಳೆಯುತ್ತದೆ. ಮಂಕು ಸಂಜೆಯಲ್ಲೇ ಫ್ಯೂಸು ಹೋಗುವ ಮನೆಯಲ್ಲಿ ಮೊದಲು ಮೋಟಾರನ್ನು ನೋಡಬೇಕು.

ಹುಡುಕುವ ಕ್ರಮ

ಮೊದಲು ಮೈನ್ ಇಳಿಸಬೇಕು. ಒಣ ಕೈ, ಕಾಲಿಗೆ ರಬ್ಬರ್ ಚಪ್ಪಲಿ, ಬೆಳಕಿಗೆ ಟಾರ್ಚ್ ಬೇಕು. ಮೈನ್ ಇಳಿಸಿದ ಮೇಲೂ ಮೀಟರಿನ ಕಡೆಯ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಕೆಲವು ಹಳೆಯ ಮನೆಗಳಲ್ಲಿ ಫೇಸಿಗೂ ನ್ಯೂಟ್ರಲ್‌ಗೂ ಬೇರೆ ಬೇರೆ ಫ್ಯೂಸು ಇಟ್ಟಿರುತ್ತಾರೆ. ನ್ಯೂಟ್ರಲ್ಲಿನದು ಮಾತ್ರ ಹೋದರೆ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಫೇಸು ಜೀವಂತವಾಗಿರುತ್ತದೆ. ದೀಪ ಆರಿದೆ ಎಂದು ಕೈಯಿಟ್ಟವರಿಗೆ ಶಾಕ್ ಹೊಡೆಯುವುದು ಹೀಗೆ. ನ್ಯೂಟ್ರಲ್ಲಿಗೆ ಒಂಟಿ ಫ್ಯೂಸು ಇಡುವುದನ್ನು 1956ರ ವಿದ್ಯುತ್ ನಿಯಮಗಳೇ ನಿಷೇಧಿಸಿದ್ದವು, ಕಂಡರೆ ತೆಗೆಸಿಬಿಡಬೇಕು.

ಬಳಿಕ ಆ ಸರ್ಕ್ಯೂಟಿನ ಎಲ್ಲ ಸ್ವಿಚ್ಚು ಆಫ್ ಮಾಡಿ, ಪ್ಲಗ್ಗುಗಳನ್ನು ಕಿತ್ತು, ಸರಿಯಾದ ಅಳತೆಯ ತಂತಿ ಕಟ್ಟಿ ಮೈನ್ ಏರಿಸಬೇಕು. ಎಲ್ಲ ಆಫ್ ಇದ್ದಾಗಲೇ ಫ್ಯೂಸು ಹೋದರೆ ದೋಷ ವೈರಿಂಗಿನಲ್ಲಿದೆ. ಮತ್ತೆ ಕಟ್ಟದೆ ವೈರ್‌ಮನ್‌ನನ್ನು ಕರೆಸಬೇಕು. ನಿಂತರೆ ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕುತ್ತ ಹೋಗಬೇಕು. ಯಾವ ಸ್ವಿಚ್ಚಿಗೆ ಹೋಯಿತೋ ಅದರ ಹೋಲ್ಡರ್, ರೋಸ್, ಇಳಿಬಿಟ್ಟ ವೈರಿನಲ್ಲಿ ಶಾರ್ಟ್ ಇದೆ. ಎಲ್ಲವೂ ಬಿಡಿಯಾಗಿ ಉರಿದು, ಒಟ್ಟಿಗೆ ಹಾಕಿದಾಗ ಸ್ವಲ್ಪ ಹೊತ್ತಿಗೆ ಹೋದರೆ ದೋಷ ಎಲ್ಲೂ ಇಲ್ಲ, ಹೊರೆಯೇ ಹೆಚ್ಚು.

ಫ್ಯೂಸಿಗೆ ಕಟ್ಟಬೇಕಾದದ್ದು ತವರ ಲೇಪಿಸಿದ ತಾಮ್ರದ ತಂತಿ. ಐದು ಆಂಪಿಗೆ 0.20 ಮಿ.ಮೀ., ಹತ್ತಕ್ಕೆ 0.35, ಹದಿನೈದಕ್ಕೆ 0.50 ಮಿ.ಮೀ. ದಪ್ಪದ್ದು. ಕೈಗೆ ಸಿಕ್ಕ ವೈರಿನಿಂದ ನಾಲ್ಕೆಳೆ ಕಿತ್ತು ಹೊಸೆದು ಕಟ್ಟುವುದು ಬಹಳ ಮನೆಗಳಲ್ಲಿ ರೂಢಿ. ಮಾಮೂಲಿ ಫ್ಲೆಕ್ಸಿಬಲ್ ವೈರಿನ ಒಂದೆಳೆಯೇ ಸುಮಾರು 0.2 ಮಿ.ಮೀ. ಇರುತ್ತದೆ, ಒಂದೆಳೆ ಸಾಕಾಗುವಲ್ಲಿ ನಾಲ್ಕು ಕಟ್ಟಿದರೆ ಫ್ಯೂಸು ಹೋಗುವುದು ನಿಲ್ಲುತ್ತದೆ, ಅದರ ಬದಲು ಅಟ್ಟದ ವೈರು ಬಿಸಿಯಾಗುತ್ತದೆ. ಒಣಗಿದ ಮರದ ತೊಲೆ, ಬಿದಿರಿನ ಗಳ, ಸೌದೆ ತುಂಬಿದ ಅಟ್ಟದಲ್ಲಿ ಅದರ ಪರಿಣಾಮ ಊಹಿಸುವುದು ಕಷ್ಟವಲ್ಲ.

ಪರಿಹಾರ

ಒಂದು ದಿನದ ಸಮಾರಂಭವಾದರೆ ದೊಡ್ಡ ದೀಪಗಳನ್ನು 5 ಆಂಪಿನ ಸಾಕೆಟ್ಟಿಗೆ ಹಾಕದೆ, ಬೇರೆಯೇ ದಪ್ಪ ವೈರಿರುವ 15 ಆಂಪಿನ ಪವರ್ ಪಾಯಿಂಟಿಗೆ ಹಾಕಬೇಕು. ಹೊರೆ ಅದನ್ನೂ ಮೀರಿದರೆ ಜನರೇಟರ್ ತರಿಸಬೇಕು. ಎಕ್ಸ್‌ಟೆನ್ಶನ್ ವೈರನ್ನು ಸುರುಳಿಯಲ್ಲೇ ಬಿಟ್ಟರೆ ಶಾಖ ಹೊರಹೋಗದೆ ಕರಗುತ್ತದೆ, ಪೂರ್ತಿ ಬಿಚ್ಚಿ ಹಾಕಬೇಕು. ಹ್ಯಾಲೊಜೆನ್ ತೆಂಗಿನ ಗರಿಯ ಚಪ್ಪರದಿಂದ ದೂರವಿರಬೇಕು; ಬೆಳಗ್ಗೆ ಹಸಿಯಾಗಿದ್ದ ಗರಿ ಅದರ ಕಾವಿಗೆ ಸಂಜೆಯೊಳಗೆ ಒಣಗುತ್ತದೆ.

ಶಾಶ್ವತ ಪರಿಹಾರಗಳಲ್ಲಿ ಅಗ್ಗದ್ದು ದೀಪವನ್ನೇ ಬದಲಿಸುವುದು. 500 ವ್ಯಾಟಿನ ಹ್ಯಾಲೊಜೆನ್ ಕೊಡುವ ಬೆಳಕಿಗೆ ಸುಮಾರು 50ರಿಂದ 100 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ಸಾಕು, ಎಳೆಯುವುದು ಅರ್ಧ ಆಂಪಿಗೂ ಕಡಿಮೆ. ಶಾಖಕ್ಕೆಂದೇ ದೊಡ್ಡ ಬಲ್ಬು ಉರಿಸುವ ಹುಳುಮನೆಗೆ ಈ ದಾರಿ ಇಲ್ಲ. ಅಲ್ಲಿ ಫ್ಯೂಸು ಬೋರ್ಡಿನಿಂದ ನೇರವಾಗಿ 2.5 ಚದರ ಮಿ.ಮೀ. ತಾಮ್ರದ ವೈರನ್ನು ಪೈಪಿನಲ್ಲಿ ಎಳೆದು ಪ್ರತ್ಯೇಕ ಸರ್ಕ್ಯೂಟ್ ಮಾಡಿಸಬೇಕು. ಹೋಲ್ಡರು ಪಿಂಗಾಣಿಯದಾಗಿರಬೇಕು.

ರಬ್ಬರು ಹೊದಿಕೆಯ ವೈರು ಇನ್ನೂ ಉಳಿದಿದ್ದರೆ ಪೂರ್ತಿ ವೈರಿಂಗ್ ಬದಲಿಸುವುದೇ ಸರಿ. ಆಗ ಕಿಟ್‌ಕ್ಯಾಟ್ ಜಾಗಕ್ಕೆ ಹೊರೆ ಮೀರಿದಾಗ ತಾನೇ ಬೀಳುವ ಸ್ವಿಚ್ಚು, ಅಂದರೆ ಎಂಸಿಬಿ ಬರುತ್ತದೆ: ದೀಪಕ್ಕೆ 6 ಅಥವಾ 10 ಆಂಪ್, ಪವರಿಗೆ 16. ಅದರ ಜತೆಗೆ, ವಿದ್ಯುತ್ ಸೋರಿದರೆ ಹರಿವನ್ನು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಬೇಕು, ಏಕೆಂದರೆ ಫ್ಯೂಸಾಗಲಿ ಎಂಸಿಬಿಯಾಗಲಿ ಮನುಷ್ಯನನ್ನು ಶಾಕಿನಿಂದ ಕಾಯುವುದಿಲ್ಲ. ಹಳೆಯ ವೈರಿಂಗ್ ಉಳಿಸಿಕೊಳ್ಳಬಹುದೇ ಎಂಬುದನ್ನು ಲೈಸೆನ್ಸ್ ಇರುವ ಗುತ್ತಿಗೆದಾರರು ವೈರಿನ ಹೊದಿಕೆಯ ತಡೆ ಅಳೆಯುವ ಮೆಗ್ಗರ್ ಹಚ್ಚಿ ಹೇಳುತ್ತಾರೆ; 500 ವೋಲ್ಟಿನಲ್ಲಿ ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಆ ವೈರು ಬಳಕೆಗೆ ಯೋಗ್ಯವಲ್ಲ. ಮನೆಯ ಫ್ಯೂಸುಗಳೆಲ್ಲ ಸರಿಯಿದ್ದೂ ಕರೆಂಟಿಲ್ಲದಿದ್ದರೆ ಮೀಟರಿಗೆ ಮೊದಲಿರುವ, ಸೀಲು ಹಾಕಿದ ಕಟೌಟ್ ಅಥವಾ ಕಂಬದ ಫ್ಯೂಸು ಹೋಗಿರುತ್ತದೆ. ಅದು ವಿದ್ಯುತ್ ಸರಬರಾಜು ಕಂಪನಿಯಾದ ಬೆಸ್ಕಾಂಗೆ ಸೇರಿದ್ದು. 1912ಕ್ಕೆ ಕರೆ ಮಾಡಿ ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಕೊಟ್ಟರೆ ಲೈನ್‌ಮನ್ ಬಂದು ಹಾಕುತ್ತಾರೆ.