ನೋಡುಗನ ಹೊಣೆ: ‘ದಿ ಟ್ರೂಮನ್ ಶೋ’ ಚಿತ್ರದ ಸ್ವೀಕೃತಿ

ಕೃತಿಯೊಂದು ಯಾವ ಪ್ರಭೇದಕ್ಕೆ ಸೇರಿದ್ದೆಂಬ ಪ್ರಶ್ನೆಗೆ ಉತ್ತರ ಕೃತಿಯೊಳಗಷ್ಟೇ ಇರುವುದಿಲ್ಲ. ಅದನ್ನು ಸ್ವೀಕರಿಸಿದ ಸಮುದಾಯ ಹಾಗೂ ಕಾಲಗಳೂ ಆ ಉತ್ತರವನ್ನು ರೂಪಿಸುತ್ತವೆ. ಆಂಡ್ರ್ಯೂ ನಿಕೋಲ್ ಬರೆದು ಪೀಟರ್ ವಿಯರ್ ನಿರ್ದೇಶಿಸಿದ, 1998ರ ಜೂನ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಟ್ರೂಮನ್ ಶೋ’ ಚಲನಚಿತ್ರ ಇದಕ್ಕೊಂದು ನಿದರ್ಶನ.

ಚಿತ್ರದ ನಾಯಕ ಟ್ರೂಮನ್ ಬರ್ಬ್ಯಾಂಕ್ ಹುಟ್ಟಿದಂದಿನಿಂದಲೇ ಟೆಲಿವಿಷನ್ ಕಾರ್ಯಕ್ರಮವೊಂದರ ಪಾತ್ರ. ಕಂಪೆನಿಯೊಂದು ಅವನನ್ನು ಕಾನೂನುಬದ್ಧವಾಗಿ ದತ್ತು ಪಡೆದಿದೆ. ಅವನು ನೆಲೆಸಿರುವ ಸೀಹೇವನ್ ಪಟ್ಟಣವು ಬೃಹತ್ ಗುಮ್ಮಟದೊಳಗಿನ ರಂಗಸಜ್ಜಿಕೆ. ಸುಮಾರು 5,000 ಕ್ಯಾಮೆರಾಗಳು ಅವನನ್ನು ಹಗಲಿರುಳೂ ಚಿತ್ರೀಕರಿಸುತ್ತವೆ. ತಾಯಿ, ಹೆಂಡತಿ, ಗೆಳೆಯ ಎಲ್ಲರೂ ಸಂಬಳದ ನಟರು. ಅವನು ಊರು ಬಿಡದಿರಲೆಂದು, ತಂದೆ ಕಡಲಿನಲ್ಲಿ ಮುಳುಗಿ ಸತ್ತಂತೆ ನಟಿಸಿ ಬಾಲ್ಯದಲ್ಲೇ ನೀರಿನ ಭಯವನ್ನು ಬಿತ್ತಲಾಗಿದೆ. ದಾಂಪತ್ಯ ಕುಸಿಯುತ್ತಿರುವ ಗಳಿಗೆಯಲ್ಲೂ ಹೆಂಡತಿ ಕೋಕೋ ಪೇಯವೊಂದರ ಗುಣಗಾನ ಮಾಡುತ್ತಾಳೆ. ಆ ದೃಶ್ಯದಲ್ಲಿ ನಗೆಯನ್ನೂ ಸಂಕಟವನ್ನೂ ಬೇರ್ಪಡಿಸಲಾಗದು.

ಈ ಮಿಶ್ರಣದ ಪರಿಣಾಮವು ಚಿತ್ರಕ್ಕೆ ಸಂದ ಮನ್ನಣೆಯಲ್ಲೂ ಕಾಣುತ್ತದೆ. ‘ದಿ ಮಾಸ್ಕ್’ನಂತಹ ಚಿತ್ರಗಳಿಂದ ಹಾಸ್ಯನಟನೆಂದೇ ಹೆಸರಾಗಿದ್ದ ಜಿಮ್ ಕ್ಯಾರಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ದೊರೆತದ್ದು ಹಾಸ್ಯ ವಿಭಾಗದಲ್ಲಲ್ಲ, ಗಂಭೀರ ನಾಟಕ ವಿಭಾಗದಲ್ಲಿ. 1999ರ ಹ್ಯೂಗೋ ಪ್ರಶಸ್ತಿಯ ಮೂಲಕ ವೈಜ್ಞಾನಿಕ ಕಥಾಸಾಹಿತ್ಯದ ಓದುಗರು ಚಿತ್ರವನ್ನು ತಮ್ಮದೆಂದು ಗುರುತಿಸಿದರೆ, ಸ್ಯಾಟರ್ನ್ ಪ್ರಶಸ್ತಿಯು ಅದನ್ನು ಅದ್ಭುತ ಕಲ್ಪನೆಯ ವಿಭಾಗದಲ್ಲಿರಿಸಿತು. ಆಸ್ಕರ್‌ಗೆ ಮೂರು ನಾಮನಿರ್ದೇಶನಗಳು ದೊರೆತರೂ ಪ್ರಶಸ್ತಿ ಬರಲಿಲ್ಲ. ಕ್ಯಾರಿಯ ಹೆಸರು ಆ ಪಟ್ಟಿಯಲ್ಲಿಯೂ ಇರಲಿಲ್ಲ.

ಮುಂದೆ ಕಾಲವೇ ಚಿತ್ರದ ಪ್ರಭೇದವನ್ನು ಬದಲಿಸಿತು. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಆರಂಭವಾಯಿತು; ಅದೇ ಮಾದರಿಯ ‘ಬಿಗ್ ಬಾಸ್’ 2013ರಲ್ಲಿ ಕನ್ನಡಕ್ಕೂ ಬಂದಿತು. ತಮ್ಮ ಬದುಕೇ ಗುಪ್ತವಾಗಿ ಪ್ರಸಾರವಾಗುತ್ತಿದೆಯೆಂದು ನಂಬಿದ ರೋಗಿಗಳ ಭ್ರಮೆಯನ್ನು ಮನೋವೈದ್ಯ ಜೋಯಲ್ ಗೋಲ್ಡ್ ಮತ್ತು ಅವರ ಸಹೋದರ ಇಯಾನ್ ಗೋಲ್ಡ್ ಈ ಚಿತ್ರದ ಹೆಸರಿನಿಂದಲೇ ಕರೆದರು. ಹೀಗೆ, ಕಲ್ಪನೆಯಾಗಿದ್ದುದು ದಿನನಿತ್ಯದ ಅನುಭವವನ್ನು ವಿವರಿಸುವ ಪರಿಭಾಷೆಯಾಯಿತು. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು: ಬಿಗ್ ಬಾಸ್ ಸ್ಪರ್ಧಿಗಳು ಒಪ್ಪಿಯೇ ಮನೆಯೊಳಗೆ ಹೋಗುತ್ತಾರೆ, ಟ್ರೂಮನ್‌ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ಚಿತ್ರವು ಎಸೆಯುವ ಸವಾಲು ಇಲ್ಲಿಯೇ ಇದೆ. ಭಟ್ಟನಾಯಕನು ಪ್ರತಿಪಾದಿಸಿದ ಸಾಧಾರಣೀಕರಣದಲ್ಲಿ ಭಾವವು ವ್ಯಕ್ತಿವಿಶೇಷದ ಸಂಬಂಧವನ್ನು ಕಳಚಿಕೊಳ್ಳುತ್ತದೆ. ಆದ್ದರಿಂದಲೇ ಶೋಕವೂ ಆಸ್ವಾದ್ಯವಾಗುತ್ತದೆ. ರಂಗದ ಮೇಲಿನ ಶೋಕ ಲೌಕಿಕ ಶೋಕವಲ್ಲವೆಂಬುದು ಇದರ ಆಧಾರ. ಸೀಹೇವನ್‌ನಲ್ಲಿ ಆ ಆಧಾರವೇ ಇಲ್ಲ. ಉಳಿದವರದು ಅಭಿನಯ, ಟ್ರೂಮನ್‌ನದು ಬದುಕು. ಚಿತ್ರದೊಳಗಿನ ಪ್ರೇಕ್ಷಕರು ಅವನಿಗಾಗಿ ಪ್ರಾಮಾಣಿಕವಾಗಿ ಕಣ್ಣೀರಿಡುತ್ತಾರೆ. ಆದರೆ ಅವನನ್ನು ಬಂಧನದಲ್ಲಿರಿಸಿರುವುದು ಅವರ ಆ ನೋಟವೇ. ಅವರನ್ನು ಸಹೃದಯರೆನ್ನಬಹುದೇ?

ಕೊನೆಯಲ್ಲಿ ಟ್ರೂಮನ್ ಬಣ್ಣ ಬಳಿದ ಆಕಾಶದ ಗೋಡೆಯನ್ನು ಮುಟ್ಟಿ, ಬಾಗಿಲು ತೆರೆದು ಹೊರನಡೆಯುತ್ತಾನೆ. ಪ್ರೇಕ್ಷಕರು ಸಂಭ್ರಮಿಸುತ್ತಾರೆ. ಮರುಕ್ಷಣವೇ ಇಬ್ಬರು ಕಾವಲುಗಾರರು ಬೇರೆ ವಾಹಿನಿಯಲ್ಲಿ ಏನಿದೆಯೆಂದು ವಿಚಾರಿಸುತ್ತಾರೆ. ಈ ಕಡೆಯ ನಗೆ ಟ್ರೂಮನ್‌ನನ್ನು ಕುರಿತದ್ದಲ್ಲ, ನೋಡುಗನನ್ನು ಕುರಿತದ್ದು. ತಂತ್ರಜ್ಞಾನದ ಕಲ್ಪನೆ ಹಳತಾದ ಮೇಲೂ ಚಿತ್ರ ಹಳತಾಗದಿರುವುದಕ್ಕೆ ಕಾರಣ, ರಸಾಸ್ವಾದಕ್ಕೂ ಹೊಣೆಯುಂಟೆಂಬ ಈ ಎಚ್ಚರವೇ ಆಗಿದೆ.